ವಂದನಾರ್ಪಣೆ

ಹನ್ನೊಂದು ವರ್ಷದಿಂದ ಈ ಕೆಲಸ ನನ್ನದೇ:
ಕೊನೆಗೆ ಎದ್ದು ನಿಲ್ಲುವುದು,
ಜನ ಚಪ್ಪಲಿ ಹುಡುಕುವಾಗ ಹೆಸರು ಓದುವುದು.

ಕೋಡಿಬಾಗದ ವಾಚನಾಲಯದ ಮಹಡಿ,
ಡಿಸೆಂಬರಿನ ಎರಡನೇ ಭಾನುವಾರ,
ಯಮುನಾ ಮಾಜಾಳಿಕರ ಟೀಚರ ನೆನಪಿನ
ಮಕ್ಕಳ ಸಾಹಿತ್ಯ ಉಪನ್ಯಾಸ.
(ಟೀಚರು ಉಪನ್ಯಾಸ ಮಾಡಿದವರಲ್ಲ.
ಊಟದ ಬಿಡುವಿನಲ್ಲಿ ಮೇಜಿನ ಮೇಲೆ ಕೂತು
ಕಾಲು ಆಡಿಸುತ್ತ ಕಥೆ ಹೇಳುತ್ತಿದ್ದರು,
ಮೀನಿನ ಮುಳ್ಳು ಇನ್ನೂ ಹಲ್ಲಿನ ಸಂದಿಯಲ್ಲಿರುವಾಗಲೇ.)

ಎಪ್ಪತ್ತು ಕುರ್ಚಿ, ನಲವತ್ತೊಂದು ಜನ.
ಮಕ್ಕಳಿಗೆ ಭಾನುವಾರ ಟ್ಯೂಷನ್ನು, ಅಬಾಕಸ್ಸು, ಕರಾಟೆ.
ಇದ್ದದ್ದು ಒಂದೇ ಮಗು, ಅದೂ ಕರೆಯದೆ ಬಂದದ್ದು:
ಮೈಕಿನ ಉದಯ ತಾಂಡೇಲನ ಮಗಳು ಮಿತಾಲಿ.
ಆಯಿ ಬೈತಖೋಲದಲ್ಲಿ ಮೀನಿನ ಹರಾಜಿಗೆ ಹೋದದ್ದರಿಂದ
ಇಲ್ಲಿ ಆಂಪ್ಲಿಫೈಯರ್ ಮೇಜಿನ ಕೆಳಗೆ
ವಯರುಗಳ ನಡುವೆ ಕುಕ್ಕರಗಾಲಲ್ಲಿ.

ಈ ಸಲದವರು ಧಾರವಾಡದಿಂದ ಬಂದವರು. ಒಳ್ಳೆಯವರೇ.
ಮಗುವಿನ ಮನಸ್ಸು ಖಾಲಿ ಹಾಳೆಯಲ್ಲ ಎಂದರು,
ಮೂವತ್ತೆರಡು ಹಾಳೆ ತಂದಿದ್ದರು.
ಕಲ್ಪನೆ ಎಂದರು, ಮೌಲ್ಯ ಎಂದರು,
ಮೊಬೈಲು ಎಂದು ನಿಟ್ಟುಸಿರಿಟ್ಟರು.
ನಡುವೆ ಒಮ್ಮೆ, ಏನು ತೋಚಿತೋ, ಕನ್ನಡಕ ತೆಗೆದು
"ಒಂದು ಏಡಿ ಇತ್ತು" ಎಂದರು.
"ಒಂದು ದಿನ ಅದರ ಚಿಪ್ಪು ಕಳೆದುಹೋಯಿತು.
ಪಾಪ, ಸಂತೆಗೆ ಹೊರಟಿತು, ಚಿಪ್ಪು ಕಡ ಕೇಳಲು..."

ಕೆಮ್ಮು ನಿಂತಿತು. ಫ್ಯಾನಿನ ಸದ್ದು ಕೇಳಿಸಿತು.
ಮೇಜಿನ ಬಟ್ಟೆ ಸರಿದು ಎರಡು ಕಣ್ಣು ಹೊರಬಂದವು.

ಅಧ್ಯಕ್ಷರು ಚೀಟಿ ಸರಿಸಿದರು.
"ಇರಲಿ, ಸಮಯದ ಅಭಾವ."
ಕನ್ನಡಕ ಹಾಕಿಕೊಂಡು ಇಪ್ಪತ್ತನೇ ಹಾಳೆಗೆ ಹೋದರು.

ನಾನು ವಂದಿಸಿದೆ. ಅಧ್ಯಕ್ಷರಿಗೆ, ಹಾರ ತಂದವರಿಗೆ,
ಅವಲಕ್ಕಿ ಕೊಟ್ಟ ಬಾಂದೇಕರ ಕ್ಯಾಂಟೀನಿಗೆ,
ಕರೆಂಟು ತೆಗೆಯದ ಹೆಸ್ಕಾಮಿನವರಿಗೂ.
"ಕಿಕ್ಕಿರಿದು ನೆರೆದ ಪುಟಾಣಿಗಳಿಗೆ" ಎಂದಿತ್ತು ಕಾಗದದಲ್ಲಿ,
ಯಾವ ವರ್ಷದ ಝೆರಾಕ್ಸೋ. ಓದಿಬಿಟ್ಟೆ.

ಅವರನ್ನು ಹುಬ್ಬಳ್ಳಿ ಬಸ್ಸು ಹತ್ತಿಸಿ ಬಂದು
ಕುರ್ಚಿ ಮಡಚುವಾಗ ಸಿಕ್ಕಿತು ಒಂದು ಆಮಂತ್ರಣ,
ಬೆನ್ನಿಗೆ ಪೆನ್ಸಿಲಿನ ಗೀಟು, ಐದೈದರ ಕಟ್ಟು.
ಮಕ್ಕಳು ಅಂದದ್ದು: ಎಂಬತ್ತಮೂರು.
ನೀರು ಕುಡಿದದ್ದು: ಆರು.
ಕಥೆ: ಒಂದು ಎಂದು ಬರೆದು, ಅಳಿಸಿ, ಅರ್ಧ.

"ಮುಂದೆ ಏನಾಯ್ತು?" ವಯರು ಸುತ್ತುತ್ತ ಕೇಳಿದಳು.
ಏನೋ ಕಟ್ಟಿದೆ. ಸಂತೆಯಲ್ಲಿ ಶಂಖ ಸಿಕ್ಕಿತು,
ಶಂಖದ ಹುಳ ಒಳ್ಳೆಯದು, ಹಂಚಿಕೊಂಡು ಬಾಳಿದರೆ...

"ಹಂಗಲ್ಲ," ಅಂದಳು.
"ಕುರ್ಲಿ ಚಿಪ್ಪು ಕಳಕೊಳ್ಳೂದಿಲ್ಲ. ತಾನೇ ಬಿಚ್ಚತದೆ,
ದೊಡ್ಡದಾಗೂಕೆ. ಆಗ ಅದು ಮೆತ್ತಗೆ, ಬೆಣ್ಣೆ ಹಂಗೆ.
ಕಲ್ಲಿನ ಸಂದೀಲಿ ಸುಮ್ಮನೆ ಕೂತಿರ್ತದೆ.
ಸಂತೆಗೆಲ್ಲ ಹೋಗೂದಿಲ್ಲ. ಯಾರೂ ಮುಟ್ಟಬಾರ್ದು.
ಬಲೇಲಿ ಬಂದ್ರೂ ಅಪ್ಪ ಬಿಟ್ಟಬಿಡ್ತಿದ್ದ, ದೋಣಿ ಇದ್ದಾಗ."

ಉದಯ ಆಚೆ ತಿರುಗಿ
ಸ್ಪೀಕರನ್ನು ಹೆಗಲಿಗೇರಿಸಿ ಮೆಟ್ಟಿಲು ಇಳಿದ.

"ಎಷ್ಟು ದಿನ ಕೂತಿರ್ತದೆ?" ಕೇಳಿದೆ.
ನಿಜವಾಗಿ ಗೊತ್ತಿರಲಿಲ್ಲ,
ಅರವತ್ತಾರು ವರ್ಷ ಈ ದಂಡೆಯಲ್ಲೇ ಇದ್ದೂ.
ಅವಳು ಮೇಜು ಹತ್ತಿ ಕೂತಳು. ಕಾಲು ಆಡಿಸಿದಳು.
"ಅದು ಹೆಂಗಂದ್ರೆ" ಎನ್ನುವಷ್ಟರಲ್ಲಿ
ಕೆಳಗೆ ಟೆಂಪೋ ಹಾರ್ನು. "ಚಲ್ ಗೋ!"
ದಡದಡ ಇಳಿದೇಹೋದಳು.

ಕಿಟಕಿ ಮುಚ್ಚುತ್ತಿದ್ದೇನೆ. ಕಾಳಿಯಲ್ಲಿ ನೀರು ಏರುತ್ತಿದೆ.
ಗಡಿಬಿಡಿಯಲ್ಲಿ ಮೈಕಿನ ಬಾಡಿಗೆ
ತೆಗೆದುಕೊಳ್ಳದೆ ಹೋಗಿದ್ದಾನೆ ಉದಯ.
ನಾಳೆ ಬೈತಖೋಲಕ್ಕೆ ಹೋಗಬೇಕು.