ತಿದ್ದುವುದು

ಉತ್ತರ ವೇಲ್ಸಿನ ಈ ಊರಲ್ಲಿ ಗುಡ್ಡವೆಂದರೆ
ಒಡೆದ ಸ್ಲೇಟು. ಗಣಿಯವರು ತಲೆಮಾರುಗಟ್ಟಲೆ
ಬೇಡವೆಂದು ಸುರಿದದ್ದು.
ಅದರ ಮೇಲಿಂದಲೇ ನಮ್ಮ ಸೈಕಲ್ಲಿನ ದಾರಿ
ಕೆಳಗೆ, ಬರೀ ಕೆಳಗೆ.
ಚಕ್ರ ಹರಿದಾಗ ಗುಡ್ಡ
ಬಳೆ ಅಂಗಡಿ ಮಗುಚಿದ ಹಾಗೆ ಸದ್ದು ಮಾಡುತ್ತದೆ.

ಮೂರು ತಿಂಗಳು ಬೇಕರಿಯಲ್ಲಿ ರಾತ್ರಿಪಾಳಿ ದುಡಿದು
ಹಿಂದಿನ ಚಕ್ರಕ್ಕೊಂದು ಶಾಕ್ ಕೊಂಡೆ:
ಚಿನ್ನದ ಬಣ್ಣದ ಕೊಳವೆ, ಕಿತ್ತಳೆ ಸ್ಪ್ರಿಂಗು.
ಹೋದ ವರ್ಷ ಗೆದ್ದವನದೇ ಮಾದರಿ,
ಸ್ಪ್ರಿಂಗಿನ ಮೇಲೆ ಅವನದೇ ಅಂಕಿ: ನಾನೂರೈವತ್ತು.
ಅದು ನನ್ನನ್ನು ಹೇಸರಗತ್ತೆಯಂತೆ ಒದ್ದಿತು. ಎರಡು ಸಲ.
ಎರಡನೆಯ ಸಲ ಮುಂದಿನ ಹಲ್ಲಿನ ತುದಿ ಹೋಯಿತು.

ಮೆರೇರಿದ್ ನನ್ನ ಹಲ್ಲು ನೋಡಲಿಲ್ಲ.
ತೂಕದ ಯಂತ್ರವನ್ನು ಕಾಲಲ್ಲೇ ಮುಂದೆ ತಳ್ಳಿ
‘ನಿಲ್ಲು’ ಅಂದಳು. ‘ಹೆಲ್ಮೆಟ್ಟು, ಬೂಟು, ನೀರು,
ಮೇಲಕ್ಕೆ ಏನೇನು ಒಯ್ಯುತ್ತೀಯೋ ಎಲ್ಲ ಹೊತ್ತು.’
ಎಪ್ಪತ್ತು.
‘ಅವನೆಷ್ಟು, ಆ ಗೆದ್ದವನು?’
ತೊಂಬತ್ತಿರಬಹುದು, ಅಂದೆ.
‘ಅವನ ಚಡ್ಡಿಯನ್ನೂ ಹಾಕಿಕೊಳ್ಳುತ್ತೀಯಾ?’

ಸೈಕಲ್ ಏರಿ ಗೋಡೆಗೆ ಮೊಣಕೈ ಆನಿಸಿ ಕೂತೆ.
ಅವಳು ಮಂಡಿಯೂರಿ ಅಳೆದಳು.
ಎಪ್ಪತ್ತೈದು ಮಿಲಿಮೀಟರಿನಲ್ಲಿ ಹದಿನೈದು.
‘ಸುಮ್ಮನೆ ಕೂತಾಗಲೂ ಒಂದಿಷ್ಟು ಕುಸಿದಿರಬೇಕು, ಗೆಥಿನ್.
ಕುಸಿದಿದ್ದರೆ ತಾನೇ
ಹಳ್ಳ ಬಂದಾಗ ಕಾಲು ಕೆಳಕ್ಕೆ ಚಾಚಲಾಗುವುದು?’

ಗೋಡೆಯ ಮೊಳೆಗಳಲ್ಲಿ ಹಳೆಯ ಸ್ಪ್ರಿಂಗುಗಳು.
ಬಣ್ಣ ಎದ್ದ ಕರಿಯದೊಂದನ್ನು ಇಳಿಸಿದಳು,
ಮುನ್ನೂರಿಪ್ಪತ್ತೈದು.
ನೋಡಲು ಟ್ರ್ಯಾಕ್ಟರಿನದಿರಬೇಕು ಅನ್ನಿಸಿತು.
ಬೆಲೆ: ನಾಳೆ ಬೆಳಗಿನ ಎರಡು ಬ್ರೆಡ್ಡು, ಬಿಸಿಯಿರಬೇಕು.
ಮತ್ತೆ ಕೂತೆ. ಇಪ್ಪತ್ತೊಂದು.
‘ಹ್ಞೂಂ’ ಅಂದಳು, ಅಷ್ಟೆ.

ಬಾಗಿಲ ಪಕ್ಕ ದಾರದಲ್ಲಿ ಒಂದು ಸ್ಲೇಟು ತೂಗುತ್ತಿತ್ತು.
ನಮ್ಮಜ್ಜಂದಿರು ಸೀಳಿ ಹಡಗಿಗೇರಿಸಿದ ಇಂಥವುಗಳ ಮೇಲೇ
ಎಲ್ಲೆಲ್ಲಿಯ ಮಕ್ಕಳೋ ಅಕ್ಷರ ತಿದ್ದಿದರಂತೆ.
‘ಕೆಂಪು ತಿರುಪನ್ನು ಪೂರ್ತಿ ಮುಚ್ಚು,
ಅಲ್ಲಿಂದ ಎಣಿಸುತ್ತಾ ಬಿಚ್ಚು.’
ಆರು ಕ್ಲಿಕ್. ಅವಳು ಬಳಪದಲ್ಲಿ ಆರು ಬರೆದಳು.
‘ಒಂದು ಸಲಕ್ಕೆ ಒಂದನ್ನೇ ಮುಟ್ಟು.
ಎರಡನ್ನು ತಿರುಗಿಸಿದರೆ
ಯಾವುದು ಕಾಯಿತು, ಯಾವುದು ಕೆಡವಿತು,
ದೇವರಿಗೂ ತಿಳಿಯಲ್ಲ.’

ವ್ಯಾನಿನಲ್ಲಿ ಮೇಲೆ. ಸ್ಲೇಟಿನ ಮೆಟ್ಟಿಲು ಏಳು.
ಮೊದಲ ಮೆಟ್ಟಿಲು ನುಂಗಿತು, ಎರಡನೆಯದೂ.
ಮೂರಕ್ಕೆ ಉಸಿರು ತಿರುಗಿರಲಿಲ್ಲ,
ನಾಲ್ಕಕ್ಕೆ ಕುಳಿತೇಬಿಟ್ಟಿತು,
ಉಳಿದ ಮೂರನ್ನು ನನ್ನ ಬೆನ್ನೆಲುಬೇ ಎಣಿಸಿತು.

‘ಏಟು ತಿಂದದ್ದು ಬೇಗ ಎದ್ದೇಳುತ್ತಿಲ್ಲ’ ಎಂದು
ಆರನ್ನು ಹೆಬ್ಬೆರಳಲ್ಲಿ ಒರೆಸಿ ಎಂಟು.
ಪರವಾಗಿಲ್ಲ.
ಒಂಬತ್ತು.
ಆಗ ಆದದ್ದನ್ನು ಹೇಳಲು ಬರುವುದಿಲ್ಲ. ಮೆಟ್ಟಿಲಿದ್ದವು,
ಒಂದೊಂದೂ ಗೊತ್ತಾದವು,
ಯಾವುದೂ ನನ್ನನ್ನು ಕೇಳಲಿಲ್ಲ.

ಹತ್ತು ಇನ್ನೂ ಚೆಂದವಿರಬೇಕೆಂದು
ಅವಳಿಗೆ ಹೇಳದೆ ತಿರುಗಿಸಿದೆ.
ಐದನೆಯ ಮೆಟ್ಟಿಲಲ್ಲಿ ಮತ್ತೆ ಹೇಸರಗತ್ತೆ.

ಮೊಣಕೈ ತರಚಿಕೊಂಡು ಬಂದೆ. ಅವಳು ಸೈಕಲ್ಲನ್ನಷ್ಟೇ ನೋಡಿ
ಒಂದು ಕ್ಲಿಕ್ ಹಿಂದಕ್ಕೆ ಹಾಕಿದಳು.
ಆಮೇಲೆ ಬಗ್ಗಿ, ದಂಡದ ಬುಡದ ರಬ್ಬರನ್ನು ಉಗುರಿನಿಂದ ತಟ್ಟಿ:
‘ಇವತ್ತು ಒಂದೇ ಸಲ ತಳ ಮುಟ್ಟಿದೆ. ಒಂದು ಸಲ ಮುಟ್ಟಲಿ.
ಪೂರ್ತಿಗೆ ದುಡ್ಡು ಕೊಟ್ಟಿದ್ದೀಯಲ್ಲ.’

ಸ್ಲೇಟಿನ ಫೋಟೋ ತೆಗೆಯಲು ಫೋನು ಎತ್ತಿದೆ.
‘ತೆಗೆ, ತೆಗೆ’ ಅಂದಳು, ‘ಅಕ್ಟೋಬರಿಗೆ ಎಣ್ಣೆ ಮಂದವಾಗುತ್ತದೆ.
ನೀನೂ ಬ್ರೆಡ್ಡು ತಿಂದು ದಪ್ಪಗಾಗುತ್ತೀಯ.’
ಬಳಪವನ್ನು ಕಿವಿಯ ಹಿಂದೆ ಸಿಕ್ಕಿಸಿಕೊಂಡು
ಕಿತ್ತಳೆ ಸ್ಪ್ರಿಂಗನ್ನು ಖಾಲಿ ಮೊಳೆಗೆ ತೂಗಿಹಾಕಿದಳು,
ತೊಂಬತ್ತು ಕೇಜಿಯವನೊಬ್ಬ ಬರಲಿ ಎಂದು.