ನಾಲ್ಕು ಬೆರಳು

ಉರುಗ್ವೆಯಲ್ಲಿ ಜನವರಿಯೆಂದರೆ ಕಡುಬೇಸಿಗೆ.
ತಕ್ವಾರೆಂಬೊ ಸೀಮೆಯ ಗುಡ್ಡದೋರೆಯಲ್ಲಿ
ಬೆಳಗಿನ ಐದಕ್ಕೇ ಗ್ರಿಸೆಲ್ದಾ ಕುದುರೆಯಿಂದಿಳಿದು
ಹುಲ್ಲಿಗೆ ಕೈಯಿಟ್ಟು ನೋಡುತ್ತಾಳೆ:
ಕಿರುಬೆರಳು ನೆಲಕ್ಕೆ, ತೋರುಬೆರಳು ತುದಿಗೆ.
ನಾಲ್ಕು ಬೆರಳು ಉಳಿದಿದ್ದರೆ ದನ ಇನ್ನೊಂದು ದಿನ ಇರಬಹುದು,
ಮೂರಾದರೆ ಬೇಲಿ ಜರುಗಬೇಕು.

ಬೇಲಿಯೆಂದರೆ ಏನು, ಒಂದೆಳೆ ತಂತಿ,
ಬ್ಯಾಟರಿಯ ಟಿಕ್ ಟಿಕ್.
ಒಮ್ಮೆ ಮೂಗು ತಾಗಿಸಿದ ಹೋರಿ
ಆಮೇಲೆ ಕರೆಂಟಿಲ್ಲದ ದಾರಕ್ಕೂ ಮರ್ಯಾದೆ ಕೊಡುತ್ತದೆ.

ಹತ್ತು ಗಂಟೆಗೆಲ್ಲ ಮೇಯುವುದು ಮುಗಿಯಿತು.
ನೀಲಗಿರಿ ತೋಪಿನ ನೆರಳು ಎಷ್ಟಗಲವೋ
ಮಂದೆಯೂ ಅಷ್ಟೇ ಅಗಲ;
ನೆರಳು ಸರಿದಂತೆ ಅದೂ ಸರಿಯುತ್ತದೆ
ಯಾರೋ ಕಂಬಳಿ ಎಳೆದಂತೆ.
ಕೆಂಪು ಮೈ, ಬಿಳಿ ಮೋರೆ,
ಕಣ್ಣ ಕೊನೆಯಲ್ಲಿ ನೊಣ, ತೊಡೆಸಂದಿಯಲ್ಲಿ ಉಣ್ಣಿ.
ಮಂದೆಯಲ್ಲಿ ಒಂದೇ ಒಂದು ಕರಿಯ,
ಬೀಜ ಒಡೆದ ಹೋರಿ, ನಾಲಗೆ ಚಾಚಿ ತೇಕುತ್ತಿದೆ.
ಬಾಸಿಲಿಸಿಯೊ ಗಡಿಯಾರ ಹಿಡಿದು ಎಣಿಸುತ್ತಾನೆ:
ನಿಮಿಷಕ್ಕೆ ತೊಂಬತ್ತು ಉಸಿರು.
“ಇವತ್ತು ಯಾವುದನ್ನೂ ಓಡಿಸಬೇಡಿ.
ಚುಚ್ಚುಮದ್ದು, ತೂಕ, ಎಲ್ಲ ನಾಳೆ, ಕತ್ತಲಿರುವಾಗಲೇ.”
ಹೇಳಿ, ಸೋರೆಬುರುಡೆಗೆ ಕುದಿನೀರು ಹೊಯ್ದು
ಮಾಟೆ ಸೊಪ್ಪಿನ ಕಷಾಯ ಹೀರುತ್ತಾನೆ;
ಬಿಸಿಲಿಗೆ ಬಿಸಿಯೇ ಮದ್ದಂತೆ.

ಕೆಳಗಿನ ಕಟ್ಟೆಯಲ್ಲಿ ನೀರು ಹಿಂದೆ ಸರಿದು
ಕೆಸರಲ್ಲಿ ಗೊರಸಿನ ಅಚ್ಚು ಒಣಗಿವೆ,
ಒಂದೊಂದೂ ಒಂದು ಬಟ್ಟಲು, ಒಂದರಲ್ಲೂ ಹನಿಯಿಲ್ಲ.
ಹಸುಗಳು ಹೊಟ್ಟೆಮಟ್ಟ ಇಳಿದು, ಅಲ್ಲೇ ಕುಡಿದು, ಅಲ್ಲೇ ಸಗಣಿ ಹಾಕಿದರೆ
ಗ್ರಿಸೆಲ್ದಾ ಬೈಯುವುದು ತಮ್ಮನನ್ನು:
ತೊಟ್ಟಿಗೆ ಪೈಪು ಎಳೆ ಎಂದು ಎರಡು ವರ್ಷದಿಂದ…

ರಸ್ತೆಬದಿಯಲ್ಲಿ ಮಾತ್ರ ಹಸಿರು ದಟ್ಟವಾಗಿದೆ.
ಅನ್ನೋನಿ ಅಂತ ಅದರ ಹೆಸರು.
ಹೆಸರಲ್ಲಷ್ಟೆ ಅನ್ನ; ಉಳಿದದ್ದು ನಾರು, ಬರೀ ನಾರು,
ಕಿತ್ತರೆ ಕೈ ಕೊಯ್ಯುತ್ತದೆ, ಬೇರು ಬರುವುದಿಲ್ಲ.
ದೂರದಿಂದ ನೋಡಿದವರು ಎಂಥ ಹುಲುಸು ಅನ್ನುತ್ತಾರೆ.
ದನ ಹತ್ತಿರದಿಂದ ನೋಡುತ್ತದೆ.

ಅರವತ್ತು ಹೋರಿ ಈಗಲೇ ಮಾರೋಣ, ಅಂದಳು.
ವಾಲ್ದೆಮಾರ್ ರೇಡಿಯೊ ತಗ್ಗಿಸಿದ.
ನಾನೂರಿಪ್ಪತ್ತು ಕಿಲೊ ಇವೆ, ಮಾರ್ಚಿಗೆ ಐನೂರು ತೂಗುತ್ತವೆ,
ಒಂದು ಮಳೆ ಬರಲಿ.
ಬರಲಿ ಅಂದರೆ ಬರುತ್ತದೆಯೆ?
ಬರುವುದಿಲ್ಲ ಅಂತ ನಿನ್ನ ಕಿವಿಯಲ್ಲಿ ಹೇಳಿತೆ?
ಬೇಲಿಯಾಚೆ ಟಿಟ್ಟಿಭವೊಂದು ಗಂಟಲು ಹರಿದುಕೊಂಡಿತು.
ಅದು ಕೂಗುವುದು ಒಂದು ಕಡೆ, ಮೊಟ್ಟೆ ಇನ್ನೊಂದು ಕಡೆ.
ಅಕ್ಕತಮ್ಮನ ಜಗಳವೂ ಹಾಗೇ:
ಬಾಯಲ್ಲಿ ಮಳೆ, ಮನಸ್ಸಲ್ಲಿ
ಅಪ್ಪ ಬರೆದಿಟ್ಟ ಕಾಗದ ಯಾರ ಹೆಸರಲ್ಲಿದೆ ಎಂಬುದು.

ಗುರುವಾರ ನಸುಕಿಗೆ ಲಾರಿ ಬಂತು.
ಬಾಸಿಲಿಸಿಯೊ ಬಾವುಟ ಬೀಸಿದನೇ ಹೊರತು
ಕೋಲೆತ್ತಲಿಲ್ಲ; ಬಾಸುಂಡೆ ಎದ್ದ ಮಾಂಸಕ್ಕೆ ಬೆಲೆಯಿಲ್ಲ,
ಅದೂ ಅಲ್ಲದೆ, ಎಂದು ಶುರುಮಾಡಿ ಮಾತು ಮುಗಿಸಲಿಲ್ಲ.
ತೇಕುತ್ತಿದ್ದ ಆ ಕರಿಯ ಹಲಗೆಯ ಮೇಲೆ ನಿಂತು,
ಹಿಂದಕ್ಕೊಮ್ಮೆ ತಿರುಗಿ, ಉಚ್ಚೆ ಹೊಯ್ದು, ಹತ್ತಿತು.

ಹನ್ನೊಂದನೆಯ ದಿನ ಮಳೆ. ಎಪ್ಪತ್ತು ಮಿಲಿಮೀಟರು.
ವಾಲ್ದೆಮಾರ್ ಏನೂ ಅನ್ನಲಿಲ್ಲ;
ಕ್ಯಾಲೆಂಡರಿನ ಆ ಚೌಕಕ್ಕೆ ಕೆಂಪು ಸುತ್ತು ಹಾಕಿ
ಅವಳು ನೀರು ಕಾಯಿಸುವ ಒಲೆಗೆ ಎದುರಾಗಿ ತೂಗುಹಾಕಿದ.

ಬೂಟು ಮೆಟ್ಟಿ ಹೊರಟಳು.
ಪಕ್ಕದವರ ಬೋಳುಗುಡ್ಡದಿಂದ ಕೆನ್ನೀರು
ಅವಸರವಾಗಿ ಹೊಳೆಗೆ ಓಡುತ್ತಿತ್ತು.
ಇವಳ ಗುಡ್ಡದಲ್ಲಿ ನೀರಿನ ಸದ್ದೇ ಇಲ್ಲ.
ಮಂಡಿಯೂರಿ ಕೈಯಿಟ್ಟಳು: ಬೆರಳ ಸಂದಿಗಳಲ್ಲೆಲ್ಲ ತೇವ.
ಗೆದ್ದೆನೆ?
ಅರವತ್ತಕ್ಕೆ ಎಂಬತ್ತು ಕಿಲೊ, ಗುಣಿಸಿದಳು,
ನಾಲ್ಕು ಸಾವಿರದ ಎಂಟುನೂರು.
ಮತ್ತೆ ಗುಣಿಸಿದಳು.
ಅಷ್ಟರಲ್ಲಿ ಕಡಸೊಂದು ಮಗ್ಗುಲಿಗೆ ಬಂದು
ಅವಳು ಅಳೆಯುತ್ತಿದ್ದ ಹುಲ್ಲನ್ನೇ
ನಾಲಗೆ ಸುತ್ತಿ ಕಿತ್ತುಕೊಂಡಿತು.