ಆನ್ ಮಾಡುವ ಮೊದಲು

ಆರ್ಬೈಲ್ ಘಟ್ಟದ ಮಾಗಿಯ ಥಂಡಿಯನ್ನು
ಹೊಟ್ಟೆಯಲ್ಲೇ ಇಟ್ಟುಕೊಂಡು ಬೆಳಗಿನ ಏಳಕ್ಕೆ
ಪಾಲಿಟೆಕ್ನಿಕ್ಕಿನ ಅಂಗಳದಲ್ಲಿ ಇಳಿಯಿತು ಪೆಟ್ಟಿಗೆ,
ಹುಬ್ಬಳ್ಳಿಯ ಪಾರ್ಸಲ್ ಲಾರಿಯಿಂದ.
ಮೈಮೇಲೆ ಮೂರು ಗುರುತು:
ಬಿರುಕು ಬಿಟ್ಟ ಲೋಟ, ಬಿಚ್ಚಿದ ಛತ್ರಿ,
ಆಕಾಶ ನೋಡಬೇಕಾದ ಎರಡು ಬಾಣ.
ಬಾಣಗಳು ನೆಲ ನೋಡುತ್ತಿದ್ದವು.

ಸ್ಟೋರಿನ ದತ್ತಾರಾಮ ಬಾನಾವಳಿಕರರು
ಮೊದಲು ಫೋಟೋ ಹೊಡೆದರು, ಆಮೇಲೆ ತಿರುಗಿಸಿದರು.
ಮೂವತ್ತೊಂದು ವರ್ಷದ ಸರ್ವಿಸು ಕಲಿಸಿದ್ದು ಇಷ್ಟೇ:
ದೂರು ಮೊದಲು, ಉಪಕಾರ ಆಮೇಲೆ.

ನಾನು ಬ್ಲೇಡು ತಂದೆ.
"ಟೇಪು ಮಾತ್ರ ಕೊಯ್ಯಿ, ಆಳಕ್ಕೆ ಹೋಗಬೇಡ,
ಇದೇನು ಮೀನಲ್ಲ."
ಮೀನು ಮಾರುವವಳ ಮಗಳಿಗೇ ಹೇಳಿದರು.
ಆಳ ಎಷ್ಟೆಂದು ಈ ಕೈಗೆ ಗೊತ್ತು;
ಬಂಗಡೆಯ ಪಿತ್ತ ಒಡೆಯದಂತೆ ಸೀಳಿದ ಕೈ.

ಥರ್ಮೋಕೋಲಿನ ಹೋಳು ಬೇರೆಯಾದದ್ದೇ
ತೊಳೆಯಿಂದ ಹಲಸಿನ ಬೀಜ ಜಾರುವ ಹಾಗೆ
ಸಲೀಸಾಗಿ ಬಂತು ಆಸಿಲೋಸ್ಕೋಪು.
ಪಟ್ಟಿಯಲ್ಲಿ ಪ್ರೋಬು ನಾಲ್ಕು, ಮೇಜಿನ ಮೇಲೆ ಮೂರು.
'ಇಲ್ಲ' ಎಂದು ಬರೆಯಲು ದತ್ತಾರಾಮರು ಪೆನ್ನು ತೆಗೆಯುವಷ್ಟರಲ್ಲಿ
ಸಂದಿಯಿಂದ ಬಿತ್ತು ನಾಲ್ಕನೆಯದು.
ಅವರಿಗೆ ಸ್ವಲ್ಪ ಬೇಜಾರೇ ಆಯಿತು.

ಒಂಬತ್ತನೆಯ ಪುಟದ ಮಾತು:
ತಣ್ಣಗಿನ ಜಾಗದಿಂದ ಬೆಚ್ಚಗಿನ ಜಾಗಕ್ಕೆ ತಂದಿದ್ದರೆ
ಎರಡು ಗಂಟೆ ಬಿಡಿ. ಆನ್ ಮಾಡಬೇಡಿ.
ನೋಡಿದರೆ ಗಾಜಿನ ಮೇಲೆ ಆಗಲೇ ಬೆವರು,
ಘಟ್ಟದ ಚಳಿಗೆ ಕಾರವಾರದ ಗಾಳಿ ತಾಗಿ.
"ರಾವ್ ಗೋ" ಅಂದರು.
ಕಾದೆವು.

ಹತ್ತನೆಯ ಪುಟ:
ದಾಸ್ತಾನು ಕೋಣೆಯ ತೇವ ನೂರಕ್ಕೆ ಎಂಬತ್ತು ಮೀರಬಾರದು.
ದತ್ತಾರಾಮರು ನಕ್ಕರು, ನಕ್ಕು ಕೆಮ್ಮಿದರು.
ಬರೆದವನು ಬೈತಖೋಲದಲ್ಲಿ ಒಂದು ಆಷಾಢ ಕಳೆಯಲಿ,
ಬೀಗದೊಳಗೆ ಕೀಲಿ ಬೇರು ಬಿಡುವುದನ್ನು ನೋಡಲಿ.

ಹಳೆಯದು ಇನ್ನೂ ಕಪಾಟಿನಲ್ಲಿದೆ.
ಗುಂಡಿಗಳು ತಿರುಗುವುದಿಲ್ಲ,
ತೆರೆಯ ಹಿಂದೆ ಬೂಷ್ಟು ತನ್ನದೇ ಅಲೆ ಬರೆದುಕೊಂಡಿದೆ.
ಅದನ್ನು ಯಾರೂ ಕೊಂದದ್ದಲ್ಲ.
ಸಮುದ್ರ ದಿನಾ ಕಿಟಕಿಯಿಂದ ಬಂದು
ಹೇಗಿದ್ದೀ ಎಂದು ಮೈ ಮುಟ್ಟಿ ಹೋಗುತ್ತಿತ್ತು,
ಅಷ್ಟೆ.

ಅದಕ್ಕೇ ಈ ಸಲ ನನ್ನ ಏರ್ಪಾಡು:
ರಬ್ಬರಿನ ಅಂಚಿನ ಕಪಾಟು, ಒಳಗೊಂದು ಸಣ್ಣ ಬಲ್ಬು,
ನೀಲಿ ಹರಳಿನ ಚೀಲ ಎಂಟು.
ಹರಳು ಗುಲಾಬಿಯಾದರೆ ನೀರು ಕುಡಿದಿದೆ;
ಹಳೇ ತವೆಯಲ್ಲಿ ಹುರಿಯಬೇಕು, ಮತ್ತೆ ನೀಲಿಯಾಗುವ ತನಕ.
(ಇದರಲ್ಲಿ ದೋಸೆ ಹೊಯ್ಯಕೂಡದು ಎಂದು
ತವೆಯ ಹಿಡಿಗೆ ಚೀಟಿ ಕಟ್ಟಿದ್ದೇನೆ.)

ಹಿತ್ತಿಲಲ್ಲಿ ಅರ್ಥಿಂಗ್ ಗುಂಡಿ, ಎಂಟು ಅಡಿ.
ತಾಮ್ರದ ತಗಡು, ಇದ್ದಿಲು, ಸಾಣಿಕಟ್ಟೆಯ ಉಪ್ಪು,
ಮತ್ತೆ ಇದ್ದಿಲು, ಮತ್ತೆ ಉಪ್ಪು.
ಹಳೆಯದನ್ನು ತಿಂದ ಉಪ್ಪನ್ನೇ
ಹೊಸದರ ಕಾವಲಿಗೆ ಇಳಿಸಿದ್ದೇವೆ.
"ಕಳ್ಳನ ಕೈಗೇ ಕೀಲಿ" ಅಂದಿದ್ದ
ಗುಂಡಿ ತೋಡಿದ ಹಮ್ಮು ಗೌಡ,
ಹಾರೆಯ ಮಣ್ಣು ಒರೆಸುತ್ತ.

ಒಂಬತ್ತೂವರೆ. ಗಾಜು ಆರಿತ್ತು.
ನ್ಯೂಟ್ರಲ್ಲಿಗೂ ಅರ್ಥಿಗೂ ನಡುವೆ ಮೀಟರು ಇಟ್ಟೆ:
ಒಂದು ವೋಲ್ಟಿಗೂ ಕಡಿಮೆ. ಉಪ್ಪು ನಿಯತ್ತಾಗಿದೆ.
ಸ್ವಿಚ್ಚು ಒತ್ತಿದೆ.
ಹಳದಿ ಗೆರೆಯೊಂದು ಮೂಡಿತು,
ಭರತ ನಿಂತು ಇಳಿತ ಶುರುವಾಗದ ಗಳಿಗೆಯ
ಕಾಳಿ ನದಿಯಷ್ಟು ಸಪಾಟು.

ಏನನ್ನೂ ಜೋಡಿಸಿರಲಿಲ್ಲ ಇನ್ನೂ.
ಪ್ರೋಬಿನ ತುದಿಗೆ ಸುಮ್ಮನೆ ಬೆರಳಿಟ್ಟೆ.
ಎದ್ದಿತು ಅಲೆ,
ಸೆಕೆಂಡಿಗೆ ಐವತ್ತು.
ಕದ್ರಾ ಕಾಡಿನ ತಂತಿಗಳಲ್ಲಿ ಬಂದು
ಈ ಗೋಡೆಗಳೊಳಗೆ ಗುಂಯ್‌ಗುಡುವುದೇ
ಇಷ್ಟು ದಿನ ನನ್ನ ಮೈಯಲ್ಲೂ ಇತ್ತು,
ನನ್ನನ್ನು ಕೇಳದೆ.

"ಸರಿ ಸ್ವಲ್ಪ" ಎಂದು ದತ್ತಾರಾಮರೂ ಬೆರಳಿಟ್ಟರು.
ನನಗಿಂತ ಎತ್ತರದ ಅಲೆ.
ಚಿಕ್ಕ ಹುಡುಗನ ಹಾಗೆ ಎರಡು ಸಲ ಬೆರಳು ತೆಗೆದು, ಇಟ್ಟು,
ಕಿಟಕಿಯ ಕಡೆ ನೋಡಿ, ಕೆಮ್ಮಿ,
ರಿಜಿಸ್ಟರು ತೆರೆದರು.
ಷರಾ ಕಾಲಮ್ಮಿನಲ್ಲಿ ದುಂಡಗೆ ಬರೆದರು:
ಬೆವರು ಆರಿದ ಮೇಲೆ ಚಾಲೂ ಮಾಡಲಾಗಿದೆ.